ನಾನು ಕಂಡ ಡ್ರೋನ್

ಡ್ರೋನ್ ಎಂದು ಮೊದಲು ಕೂಗಿದವಳು ನಾನೇ. ಅಥಣಿ ರಸ್ತೆಯ ನಮ್ಮ ದ್ರಾಕ್ಷಿ ತೋಟದ ಮೂಡಲಿಗೆ, ಬೇವಿನ ಮರದ ತುದಿಯಲ್ಲಿ, ಕೆಂಪು ಹಸಿರು ಮಿನುಗುತ್ತ ಏನೋ ನಿಂತಿತ್ತು. ಕಳ್ಳರು ಡ್ರೋನ್ ಬಿಟ್ಟು ಮನೆ ನೋಡಿಕೊಂಡು ಹೋಗುತ್ತಾರೆಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿದ್ದ ಡಿಸೆಂಬರ್ ಅದು. ಮರುದಿನದಿಂದಲೇ ಗಂಡಸರು ಬಡಿಗೆ ಹಿಡಿದು ಪಾಳಿಯ ಮೇಲೆ ಕಾಯತೊಡಗಿದರು. ಸಾವಕ್ಕನ ಕಣ್ಣು ಚುರುಕು ಎಂದು ಊರೆಲ್ಲ ಹೊಗಳಿತು. ಸುಳ್ಳೇಕೆ ಹೇಳಲಿ, ನನಗೂ ಅದು ಹಿತವಾಗಿಯೇ ಇತ್ತು.

ಬಳ್ಳಿಗೆ ಔಷಧಿ ಹೊಡೆದ ಹೊತ್ತನ್ನು ಪಂಪ್‌ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಡುವುದು ನಮ್ಮ ರೂಢಿ. ಅದರ ಪಕ್ಕದಲ್ಲೇ ಡ್ರೋನ್ ಕಂಡ ಹೊತ್ತನ್ನೂ ದಿನಾ ಬರೆದೆ: ಎಂಟೂವರೆ, ಎಂಟು ಇಪ್ಪತ್ತಾರು, ಎಂಟು ಇಪ್ಪತ್ತೆರಡು. ಕಾಲೇಜಿಗೆ ಹೋಗುವ ಮಗಳು ಕೋಮಲ ಅದನ್ನು ನೋಡಿ ನಕ್ಕಳು. ಅದು ಲುಬ್ಧಕ, ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರ. ದಿನಾ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ಕೆಳಗಿರುವಾಗ ಗಾಳಿಯ ಅಲುಗಾಟಕ್ಕೆ ಬಣ್ಣ ಬಣ್ಣವಾಗಿ ಕಾಣುತ್ತದೆ, ಮೇಲೇರಿದರೆ ಬೆಳ್ಳಗಾಗುತ್ತದೆ ಎಂದಳು. ಬಾಯಿ ಮುಚ್ಚು ಎಂದು ಗದರಿಸಿದೆ. ಆದರೆ ಗೋಡೆಯೂ ಅವಳ ಮಾತನ್ನೇ ಹೇಳುತ್ತಿತ್ತು.

ಎಂಟನೆಯ ರಾತ್ರಿ ಒಬ್ಬನನ್ನು ಹಿಡಿದರು. ರಾಯಬಾಗದ ಜುನೇದ, ಮೋಟರ್ ರಿಪೇರಿಯವನು. ಪಕ್ಕದ ತೋಟದ ಕೆಲಸಕ್ಕೆ ಬಂದವನು ಬದುವಿನ ಮೇಲೆ ನಿಂತು ಫೋನ್ ಮಾಡುತ್ತಿದ್ದನಂತೆ. ಕರೆಸಿದ ತೋಟದವರು ಊರಲ್ಲಿರಲಿಲ್ಲ. ಅವನ ಚೀಲದಲ್ಲಿ ಕರೆಂಟ್ ಅಳೆಯುವ ಮೀಟರು, ಕೆಂಪು ಕಪ್ಪು ವೈರು ಸಿಕ್ಕವು. ಇದೇ ರಿಮೋಟ್ ಎಂದರು. ನಮ್ಮ ಶೆಡ್ಡಿನ ಕಂಬಕ್ಕೇ ಅವನನ್ನು ಕಟ್ಟಿ ಎರಡೇಟು ಹಾಕಿದರು.

"ಆ ಮೀಟರ್ ಒಡದ್ ಹಾಕ್ರಿ," ಎಂದ ಜುನೇದ. ತುಟಿಯಿಂದ ರಕ್ತ ಸೋರುತ್ತಿತ್ತು. "ಮ್ಯಾಲಿಂದು ಕೆಳಗ ಬಿದ್ರ ನಾ ಕಳ್ಳ."

ಪಾಳಿಯ ಮುಂದಾಳು ತವನಪ್ಪ ಮೀಟರನ್ನು ಕಲ್ಲಿಗೆ ಬಡಿದು ಪುಡಿ ಮಾಡಿದ. ಬೆಳಕು ಇದ್ದಲ್ಲೇ ಇತ್ತು. ಹಾಗಾದರೆ ಇವನ ಜೊತೆಗಾರ ಇನ್ನೊಬ್ಬನಿದ್ದಾನೆ, ಬಾಯಿ ಬಿಡಿಸೋಣ ಎಂದು ಬಡಿಗೆ ಎತ್ತಿದ.

ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಇವನ ಜೀವ ಹೋಗುತ್ತದೆ. ಓಡಿಹೋಗಿ ನಡುವೆ ನಿಂತೆ.

"ತವನಪ್ಪಣ್ಣ, ಅದು ಚುಕ್ಕಿ ಐತಿ. ನನಗ ನಾಕ ದಿನದಿಂದ ಗೊತ್ತೈತಿ."

ಬ್ಯಾಟರಿಯ ಬೆಳಕನ್ನು ಗೋಡೆಯ ಮೇಲೆ ಬಿಟ್ಟೆ. ಇವತ್ತಿನದೂ ಬರೆದಿದ್ದೆ, ಎಂಟು ಗಂಟೆ ಎರಡು ನಿಮಿಷ. ಕೋಮಲ ಮತ್ತೊಮ್ಮೆ ಬಿಡಿಸಿ ಹೇಳಿದಳು. ಅಷ್ಟರಲ್ಲಿ ಅದು ಮರ ಬಿಟ್ಟು ಮೇಲೇರಿ ಬೆಳ್ಳಗೆ ಹೊಳೆಯುತ್ತಿತ್ತು. ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ, ಸುಮ್ಮನೆ ಜಾರಿಕೊಂಡರು. ನಾನೇ ಹಗ್ಗ ಬಿಚ್ಚಿ, ನನ್ನದೇ ತಪ್ಪಪ್ಪ ಎಂದೆ.

ಅವನು ಮೀಟರಿನ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ. ಮೋಟರಿನ ಕೆಲಸ ಅರ್ಧ ಉಳಿದಿದೆ, ನಾಳೆ ಬರಲೇಬೇಕು ಎಂದ. ಆಮೇಲೆ ಮೇಲೆ ನೋಡಿದ.

"ನಾಳೆ ಎಷ್ಟಕ್ಕ ಹುಟ್ಟತೈತ್ರಿ ಅಕ್ಕಾರ, ಇದು?"

"ಎಂಟಕ್ಕ ಎರಡ ಮಿನಿಟ ಕಮ್ಮಿ."

"ಹಂಗಾರ ಏಳಕ್ಕ ನಿಮ್ಮ ಊರ ದಾಟಿರ್ತೀನ್ರಿ," ಎಂದ.