ಮುಂಡಾಜೆಯ ಒಂದು ಮತ

ಪ್ರೇಮಾವತಿಯನ್ನು ವಲಯ ಸಭೆಯ ಅಧ್ಯಕ್ಷೆ ಮಾಡಿದ್ದು ಎಲೀಷಣ್ಣ. ಕಾಗದದ ಮೇಲೆ ಆರಿಸಿದವರು ಬೇರೆಯವರೇ ಇರಬಹುದು. ಆದರೆ ಬಂಟ್ವಾಳ, ಮೂಡಬಿದ್ರೆಯವರೆಗೆ ಬಸ್ಸು ಹತ್ತಿಳಿದು, ಹಿರಿಯರ ಮನೆಮನೆಯಲ್ಲಿ ಚಹಾ ಕುಡಿದು ಒಪ್ಪಿಸಿದವರು ಅವರೇ. ಚಾರ್ಮಾಡಿ ರೂಟಿನಲ್ಲಿ ಕಂಡಕ್ಟರಾಗಿ ನಿವೃತ್ತರಾದ ಮನುಷ್ಯ. ನಿಂತವರನ್ನು ಹಿಂದಕ್ಕೆ ಸರಿಸಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವ ವಿದ್ಯೆ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈ ವಲಯ ಸಭೆಗೆ ಬಿಷಪರಿಲ್ಲ. ಸುತ್ತಲಿನ ಪುಟ್ಟ ಪ್ರೊಟೆಸ್ಟಂಟ್ ಚರ್ಚುಗಳು ಒಬ್ಬೊಬ್ಬ ಹಿರಿಯರನ್ನು ಆರಿಸಿ ಕಳಿಸುತ್ತವೆ, ಸಭಾಪಾಲಕರು ಅವರ ಜೊತೆ ಕೂರುತ್ತಾರೆ. ಪದವಿ ಓದಿದ ಸಭಾಪಾಲಕ ಅಯ್ಯನವರ ಮತಕ್ಕೂ ಮುಂಡಾಜೆಯ ಬಸ್‌ಸ್ಟ್ಯಾಂಡ್ ಬಳಿ ರವಿಕೆ ಹೊಲಿಯುವ ಪ್ರೇಮಾವತಿಯ ಮತಕ್ಕೂ ತೂಕ ಒಂದೇ. ಅದು ಅವರ ಹೆಮ್ಮೆ. ಆದರೆ ಮತ ಎಣಿಸಿದ್ದನ್ನು ಕಂಡವರು ಕಡಿಮೆ. ಮಧ್ಯಾಹ್ನವಾಗುತ್ತಲೇ ಅಧ್ಯಕ್ಷರು "ಸಮ್ಮತವೇ?" ಎನ್ನುವುದು, ಎಲ್ಲರೂ "ಆಮೆನ್" ಎನ್ನುವುದು, ಕೋಳಿಸಾರಿನ ಕಡೆಗೆ ನಡೆಯುವುದು. ಅಷ್ಟರಲ್ಲಿ ಆಡಳಿತ ಮುಗಿಯುತ್ತಿತ್ತು.

ಮುಂಡಾಜೆಯ ಚರ್ಚನ್ನು ಬೆಳ್ತಂಗಡಿಯ ಚರ್ಚಿಗೆ ಸೇರಿಸಿಬಿಡುತ್ತಾರಂತೆ ಎಂಬ ಸುದ್ದಿ ಬಂದಾಗ ಮಾತ್ರ ಎಲೀಷಣ್ಣ ಎದ್ದು ಕುಳಿತರು. ಅವರ ಹೆಂಡತಿ ಸುಗುಣಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಭಾನುವಾರ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಚರ್ಚಿಗೆ ಬರುತ್ತಾರೆ. ವಾರದಲ್ಲಿ ಆಕೆ ನಾಲ್ಕು ಜನರ ಮುಖ ನೋಡುವುದು ಅಂದೊಂದೇ ದಿನ. ಬೆಳ್ತಂಗಡಿಯವರೆಗೆ ಆ ಬೆನ್ನು ತಡೆಯುವುದಿಲ್ಲ.

"ನೀನು ಮೇಲೆ ಕೂತ್ರೆ ನಮ್ಮ ಚರ್ಚನ್ನು ಮುಟ್ಲಿಕ್ಕೆ ಯಾರಿಗೆ ಧೈರ್ಯ ಉಂಟು ಮಾರಾಯ್ತಿ?" ಎಂದು ಅವರು ಪ್ರೇಮಾವತಿಯ ಅಂಗಡಿಯಲ್ಲೇ ಠಿಕಾಣಿ ಹೂಡಿದರು. ಆಕೆಗೂ ಅದು ಸರಿ ಎನಿಸಿತು. ನಿಜ ಹೇಳಬೇಕೆಂದರೆ, ಸ್ವಲ್ಪ ಆಸೆಯೂ ಆಯಿತು.

ಅಧ್ಯಕ್ಷತೆಗೆ ಇನ್ನೊಬ್ಬರ ಹೆಸರೂ ಇತ್ತು: ಬಂಟ್ವಾಳದ ಹಿರಿಯರಾದ ಸ್ಯಾಮುವೆಲ್ ಸೋನ್ಸ್. ಚರ್ಚುಗಳನ್ನು ಸೇರಿಸಬೇಕೆಂಬ ಠರಾವು ಅವರದೇ. ಆದರೆ ಆಯ್ಕೆಯ ದಿನ ಎದ್ದು ನಿಂತು, "ಹೆಂಗಸರೊಬ್ಬರು ಬರ್ಲಿ, ನಾನು ಹಿಂದೆ ಸರೀತೇನೆ" ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲೀಷಣ್ಣ ಹೊರಗಿನ ಜಗಲಿಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮುಂಡಾಜೆಯಲ್ಲಿ ಆ ಸಂಜೆ ಮನೆಮನೆಗೆ ಲಾಡು ಹಂಚಿದರು.

ಠರಾವು ಚರ್ಚೆಗೆ ಬಂದದ್ದು ಮೂಡಬಿದ್ರೆಯಲ್ಲಿ ಸೇರಿದ ಕೂಟದಲ್ಲಿ. ಪ್ರೇಮಾವತಿ ಪ್ರಾರ್ಥನೆ ಮಾಡಿ ಕೂಟ ತೆರೆದಳು. ಸೋನ್ಸ್ ಮಾತಾಡಿದರು, ಕೆಟ್ಟದಾಗೇನೂ ಅಲ್ಲ. ಒಬ್ಬ ಸಭಾಪಾಲಕರು ಒಂದೇ ಬೆಳಿಗ್ಗೆ ಮೂರು ಕಡೆ ಓಡುತ್ತಾರೆ, ಮುಂಡಾಜೆಯಲ್ಲಿ ಬೆಂಚುಗಳೇ ಹೆಚ್ಚು, ಜನ ಕಡಿಮೆ, ಎಂದರು. ಸುಳ್ಳು ಒಂದೂ ಇರಲಿಲ್ಲ. ಆದರೆ ಸುಗುಣಕ್ಕನ ಮಾತು ಅದರಲ್ಲಿ ಬರಲಿಲ್ಲ. ಪ್ರೇಮಾವತಿ ಅದನ್ನು ಹೇಳಲು ಗಂಟಲು ಸರಿಮಾಡಿಕೊಂಡಳು.

ಪಕ್ಕದಲ್ಲಿದ್ದ ಕಾರ್ಯದರ್ಶಿ ಬಗ್ಗಿ ಪಿಸುಗುಟ್ಟಿದರು. "ಅಧ್ಯಕ್ಷರು ಚರ್ಚೆಯಲ್ಲಿ ಮಾತಾಡ್ಲಿಕ್ಕಿಲ್ಲ ಪ್ರೇಮಕ್ಕ. ಮತವೂ ಇಲ್ಲ, ಸಮಸಮ ಬಂದ್ರೆ ಮಾತ್ರ."

"ಕೆಳಗೆ ಇಳಿದು ಕೂರ್ತೇನೆ ಹಾಗಾದ್ರೆ."

"ಪ್ರಾರ್ಥನೆ ಆಗಿದೆಯಲ್ಲ, ಇನ್ನು ಮುಗಿಯುವವರೆಗೆ ಏಳ್ಲಿಕ್ಕಿಲ್ಲ. ಹುಷಾರಿಲ್ಲದಿದ್ರೆ ಮನೆಗೆ ಹೋಗ್ಬಹುದು."

ಸಮಸಮ ಬರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, "ಪರವಾಗಿರುವವರು ಕೈ ಎತ್ತಿ" ಎಂದಳು. ಅಂದು ಯಾರೂ ಆಮೆನ್ ಎನ್ನಲಿಲ್ಲ. ಪರ ಆರು, ವಿರುದ್ಧ ಐದು. ಆ ಆರರಲ್ಲಿ ಸೋನ್ಸರ ಕೈಯೂ ಇತ್ತು. ಅವರು ಅಧ್ಯಕ್ಷರಾಗಿದ್ದರೆ ಆ ಕೈ ಇರುತ್ತಿರಲಿಲ್ಲ, ಕೆಳಗೆ ಕೂತ ಅವಳ ಕೈ ವಿರುದ್ಧ ಎದ್ದಿರುತ್ತಿತ್ತು, ಠರಾವು ಬಿದ್ದುಹೋಗುತ್ತಿತ್ತು. ಇಷ್ಟು ಸಣ್ಣ ಲೆಕ್ಕ ಅವಳಿಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಊಟದ ಸಾಲಿನಲ್ಲಿ ಅವಳು ಸೋನ್ಸರನ್ನು ನಿಲ್ಲಿಸಿದಳು. "ನಿಮಗೆ ಮೊದಲೇ ಗೊತ್ತಿತ್ತಲ್ಲ?"

ಅವರು ತಟ್ಟೆ ಒರೆಸಿಕೊಂಡರು. "ನಿಯಮಾವಳಿ ಎಲ್ಲರಿಗೂ ಕೊಟ್ಟಿದ್ದಾರೆ ಪ್ರೇಮಕ್ಕ. ನಾನು ಓದಿದ್ದೆ, ಅಷ್ಟೇ."

ಮೋಸ ಎನ್ನಲು ಬರುವಂತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ತೀರ್ಮಾನವನ್ನು ಆಯಾ ಚರ್ಚಿನಲ್ಲಿ ಓದಿಹೇಳುವುದು ಅಧ್ಯಕ್ಷರ ಕೆಲಸ. ಆದ್ದರಿಂದ ಭಾನುವಾರ ಮುಂಡಾಜೆಯಲ್ಲಿ, ತನ್ನವರ ಎದುರಿಗೇ ನಿಂತು ಅವಳು ಓದಿದಳು. ಇನ್ನು ಮೇಲೆ ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಇಲ್ಲಿ ಆರಾಧನೆ. ಯಾರೂ ಗಲಾಟೆ ಮಾಡಲಿಲ್ಲ, ಮುಂದಿನ ಕೀರ್ತನೆಯನ್ನೂ ಹಾಡಿದರು.

ಹೊರಗೆ ಮೆಟ್ಟಿಲ ಬಳಿ ಎಲೀಷಣ್ಣ ಕಾಯುತ್ತಿದ್ದರು. ಗಾಲಿಕುರ್ಚಿಯಲ್ಲಿ ಸುಗುಣಕ್ಕ, ಮಡಿಲಲ್ಲಿ ಬೈಬಲ್.

"ಒಂದು ಮತದಲ್ಲಿ ಹೋಯ್ತಂತೆ. ನೀನು ಕೈ ಎತ್ಲಿಲ್ವಾ?"

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಅಧ್ಯಕ್ಷರಿಗೆ ಮತವಿಲ್ಲ ಎಂಬ ಒಂದೇ ಮಾತು ಸಾಕಿತ್ತು. ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಲೆಕ್ಕ ಹಾಕಿದ ಮನುಷ್ಯ, ಉಳಿದದ್ದನ್ನು ನಿಂತಲ್ಲೇ ಕೂಡಿಸಿ ಕಳೆದುಬಿಡುತ್ತಿದ್ದರು. ಲಾಡು ಹಂಚಿದ್ದು, ಊರೂರು ಅಲೆದದ್ದು, ಎಲ್ಲವೂ ಅವಳ ಮತ ಕಳೆಯಲಿಕ್ಕೇ ಆಯಿತೆಂದು ತಿಳಿದುಬಿಡುತ್ತಿತ್ತು. ಆಮೇಲೆ ಪ್ರತಿ ಭಾನುವಾರ ಆ ಮನೆಯಲ್ಲಿ ಸುಗುಣಕ್ಕನ ಮುಖ ನೋಡುತ್ತ ಕೂರಬೇಕಾದವರೂ ಅವರೇ. ನಾಳೆ ಬೇರೆ ಯಾರಾದರೂ ಹೇಳಿಯಾರು. ಹೇಳಲಿ. ಇಂದು ತನ್ನ ಬಾಯಿಂದ ಬೇಡ.

"ಇಲ್ಲ ಎಲೀಷಣ್ಣ, ಎತ್ತಲಿಲ್ಲ" ಎಂದಳು ಪ್ರೇಮಾವತಿ.

ಅವರು ಅವಳನ್ನು ಅಪರಿಚಿತಳಂತೆ ನೋಡಿದರು. "ನಿನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದೇ ನಾನು ಮಾಡಿದ ತಪ್ಪು."

"ಅಲ್ಲ" ಎಂದಳು ಅವಳು, ಬೇಗನೆ. "ನಿಮ್ಮದೇನೂ ತಪ್ಪಿಲ್ಲ. ಎಲ್ಲ ನನ್ನದೇ."

ಎಲೀಷಣ್ಣ ಗಾಲಿಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿದರು. ಸುಗುಣಕ್ಕ ಮಾತ್ರ ಕುತ್ತಿಗೆ ಹೊರಳಿಸಿ, "ಪ್ರೇಮ, ಬರುವ ವಾರ ಸಿಗು..." ಎಂದು, ಅರ್ಧದಲ್ಲೇ ನೆನಪಾಗಿ ನಿಲ್ಲಿಸಿದರು.