ಬೊಮ್ಮನ ರಿಟರ್ನ್

“ಮೆಲ್ಲಗೆ, ಮೆಲ್ಲಗೆ! ಕಾಲು ಬಾಗಿಲಿಗೆ ತಾಗ್ತು ಮಾರಾಯಾ!”

ಮಹಾಗಣಪತಿ ಕೂಗುತ್ತಿದ್ದ. ಶನಿಯಾರ ತನ್ನ ಓಮ್ನಿಯ ಹಿಂದಿನ ಬಾಗಿಲು ಎತ್ತಿ ಹಿಡಿದಿದ್ದ. ನಾಲ್ಕು ಜನ ಸೇರಿ ಬೊಮ್ಮನನ್ನು ಅಂಗಳಕ್ಕೆ ಇಳಿಸಿದರು. ಬೆಳಿಗ್ಗೆ ಕುಮಟೆಯ ಆಸ್ಪತ್ರೆಯಲ್ಲಿ ಬೊಮ್ಮನ ಉಸಿರು ನಿಂತ ಸುದ್ದಿ ಬಂದಾಗ, ಹೊನ್ನಾವರ ಟ್ಯಾಕ್ಸಿ ಸ್ಟ್ಯಾಂಡಿನ ಸಾಲಿನಲ್ಲಿ ಮೊದಲು ನಿಂತಿದ್ದದ್ದು ಶನಿಯಾರನ ಗಾಡಿ. ಸಾಲು ಅಂದರೆ ಸಾಲು. ಹರೆಯದಿಂದ ಪಕ್ಕದಲ್ಲೇ ಗಾಡಿ ನಿಲ್ಲಿಸಿದವನನ್ನು ಶರಾವತಿ ಆಚೆಯ ಕಾಸರಕೋಡಿನ ಮನೆಗೆ ಮುಟ್ಟಿಸುವ ಬಾಡಿಗೆ ಅವನಿಗೇ ಬಂತು.

ಮುಟ್ಟಿಸಿ ತಿರುಗಿ ನೋಡಿದರೆ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು. ಮನೆಯಿಂದ ಹೈವೇವರೆಗೂ ಟ್ಯಾಕ್ಸಿಯೇ ಟ್ಯಾಕ್ಸಿ. ಭಟ್ಕಳದವರು, ಕುಮಟೆಯವರು, ಮಾವಳ್ಳಿಯವರು. ಶರಾವತಿ ಸೇತುವೆ ಬಗ್ಗಿತೋ ಎನ್ನುವಷ್ಟು ಜನ. ‘ನಾಳೆ ನಾನು ಸತ್ತರೆ ಇದರ ಕಾಲುಭಾಗ ಬಂದರೆ ಹೆಚ್ಚು’ ಅಂದುಕೊಂಡ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಚೆಂದವಲ್ಲ ಅಂತ ಗೊತ್ತಿತ್ತು. ಗೊತ್ತಿದ್ದರೆ ಎಂತ ಆತು, ಕಿಚ್ಚು ಆರಬೇಕಲ್ಲ.

ಕಟ್ಟಿಗೆ ಬರುವವರೆಗೆ ಎಲ್ಲರೂ ತೆಂಗಿನಮರದ ಕೆಳಗೆ ಕೂತರು. ಯೂನಿಯನ್ನಿನ ಮುಂದಾಳು ಮಹಾಗಣಪತಿ ಶುರುಮಾಡಿದ.

“ಬೊಮ್ಮನ ರಿಟರ್ನ್ ಅಂದ್ರೆ ಸುಮ್ನೆ ಅಲ್ಲ. ಅಷ್ಟು ದೊಡ್ಡ ಸಾಹೇಬ್ರನ್ನ ಇದೇ ಒಣಮೀನಿನ ಮಧ್ಯೆ ಬೆಳಿಗ್ಗಿಂದ ಸಂಜೆವರೆಗೆ ಕೂರ್ಸಿದ್ದ ಅಂವ!”

“ಸಾಹೇಬ್ರ ಕನ್ನಡಕ ಕಾಗೆ ಎತ್ಕಂಡು ಹೋತಂತಲ?” ಭಟ್ಕಳದ ಡ್ರೈವರ್ ನರೇಶ ಕೇಳಿದ.

“ಕಾಗೆ ಅಲ್ಲ, ಗಿಡುಗ! ಕನ್ನಡಕ ಹಾಕ್ಕಂಡೇ ಹಾರ್ತು!”

ಎಲ್ಲರೂ ನಕ್ಕು, ಹೆಣ ಇರುವ ಮನೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡರು.

“ಎಂಥಾ ತಲೆ ಮಾರಾಯಾ ಅವಂದು!” ಅಂದ ನರೇಶ.

‘ತಲೆ ನಂದು!’ ಅಂತ ಶನಿಯಾರನ ನಾಲಿಗೆ ತುದಿಗೆ ಬಂತು. ಹೆಣದ ಎದುರು ಹೇಳುವುದು ಹೇಗೆ? ಬೀಡಿ ಹೊತ್ತಿಸಿದ.

*

ವರ್ಷಗಳ ಹಿಂದೆ ಪಟ್ಟಣ ಪಂಚಾಯ್ತಿಯ ಹಾಲ್‌ನಲ್ಲಿ ಟ್ಯಾಕ್ಸಿ ದರದ ಮೀಟಿಂಗು. ಎಲ್ಲಿಂದ ಎಲ್ಲಿಗೆ ಹೆಚ್ಚೆಂದರೆ ಎಷ್ಟು, ಅದರ ಮೇಲೆ ಯಾರೂ ಕೇಳುವಂತಿಲ್ಲ ಅಂತ ಬೋರ್ಡು ಬರೆಸುವುದಿತ್ತು. ಖಾಲಿ ವಾಪಸ್ ಬರುವ ದಾರಿಯದ್ದೂ ಸೇರಿಸಿ ಅಂತ ಡ್ರೈವರುಗಳ ಹಟ.

“ಹೋಗುವಾಗ ಒಬ್ಬ, ಬರುವಾಗ ಇನ್ನೊಬ್ಬ ಸಿಕ್ಕೇ ಸಿಗ್ತಾನೆ. ಖಾಲಿ ಯಾಕೆ ಬರ್ತೀರಿ?” ಅಂದರು ಕಾರವಾರದಿಂದ ಬಂದ ಸಾಹೇಬರು.

ಶನಿಯಾರ ಬೊಮ್ಮನ ಕಿವಿಯಲ್ಲಿ ಊದಿದ. “ಬರೂವಾಗ ನರಪಿಳ್ಳೆ ಸಿಗೂದಿಲ್ಲ. ಸಾಹೇಬ್ರನ್ನೇ ಕಾಸರಕೋಡಿಗೆ ಕರ್ಕಂಡು ಹೋಗು. ಪ್ಯಾಸೆಂಜರ್ ಸಿಗೂವರೆಗೆ ಗಾಡಿ ತಿರುಗಿಸ್ಬೇಡ.”

ಶನಿಯಾರನ ಓಮ್ನಿ ಅವತ್ತು ಕ್ಲಚ್ ಹೋಗಿ ಗ್ಯಾರೇಜಿನಲ್ಲಿತ್ತು. ಬೊಮ್ಮ ಎದ್ದು ನಿಂತು ಕಿವಿಗೆ ಬಿದ್ದದ್ದನ್ನೇ ಗಟ್ಟಿಯಾಗಿ ಹೇಳಿದ. ಅವನ ಗಾಡಿಗೆ ಸಾಹೇಬರು ಹತ್ತಿದರು, ಮೆಂಬರುಗಳು ಹತ್ತಿದರು, ಕೊನೆಗೆ ಮಹಾಗಣಪತಿಯೂ ತೂರಿಕೊಂಡ. ಶನಿಯಾರ ಒಂದು ಕಾಲು ಒಳಗಿಟ್ಟ.

“ಜಾಗ ಇಲ್ಲ ಮಾರಾಯಾ,” ಅಂತ ಬಾಗಿಲು ಎಳೆದದ್ದು ಬೊಮ್ಮನೇ.

ಕಾಸರಕೋಡಿನಲ್ಲಿ ಬಿಸಿಲು, ಒಣಮೀನು, ಮೂಗಿಗೆ ಕರ್ಚೀಪು ಒತ್ತಿಕೊಂಡ ಸಾಹೇಬರು. ಪ್ಯಾಸೆಂಜರ್ ಮಾತ್ರ ಒಬ್ಬನೂ ಇಲ್ಲ. ಖಾಲಿ ದಾರಿಯ ಅರ್ಧ ಬಾಡಿಗೆ ಬೋರ್ಡಿಗೆ ಬಂತು. ಹೊನ್ನಾವರ, ಕುಮಟೆ, ಭಟ್ಕಳ ಮೂರೂ ಪೇಟೆಯ ಸ್ಟ್ಯಾಂಡಿನಲ್ಲಿ ಅದಕ್ಕೆ ‘ಬೊಮ್ಮನ ರಿಟರ್ನ್’ ಅಂತ ಹೆಸರೂ ಬಿತ್ತು. ಬೊಮ್ಮ ನಗುತ್ತ ಕೇಳಿಸಿಕೊಂಡ. ಅಲ್ಲ ಅನ್ನಲಿಲ್ಲ.

*

ಬೆಂಕಿ ಇಟ್ಟು ಬಂದು, ಬಾವಿಕಟ್ಟೆಯಲ್ಲಿ ಮೈಮೇಲೆ ನೀರು ಹೊಯ್ದುಕೊಂಡು ಶನಿಯಾರ ಗಾಡಿ ಹತ್ತಿದ. ಅಷ್ಟರಲ್ಲಿ ಬೊಮ್ಮನ ಹೆಂಡತಿ ಹೊನ್ನಿ ಹಿತ್ತಲ ಕಡೆಯಿಂದ ಬಂದಳು. ಕೈಯಲ್ಲಿ ಮಡಚಿದ ನೋಟು.

“ಶನಿಯಾರಣ್ಣ, ರಿಟರ್ನ್ ಬಾಡಿಗೆ.”

“ಎಂತ ಹೊನ್ನಕ್ಕ ಇದು! ಒಳಗಿಡು.”

“ಕೊಡ್ಲೇಬೇಕು. ನಿಂದೇ ಅಲ್ದ ಅದು? ಇವ್ರು ಮನೇಲಿ ಶನಿಯಾರನ ರಿಟರ್ನ್ ಅಂತಲೇ ಹೇಳ್ತಿದ್ರು. ಗಾಡಿ ನಂದು, ತಲೆ ಅವಂದು ಅಂತಿದ್ರು.”

ಚಾವಿ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು. ಶನಿಯಾರ ತೆಂಗಿನಮರದ ಕಡೆ ನೋಡಿದ. ಮಹಾಗಣಪತಿ ಗಿಡುಗನನ್ನು ಇನ್ನೊಮ್ಮೆ ಹಾರಿಸುತ್ತಿದ್ದ. ಒಬ್ಬನ ಕಿವಿಯೂ ಈ ಕಡೆ ಇರಲಿಲ್ಲ.

“ಹೊನ್ನಕ್ಕ, ಸ್ವಲ್ಪ ಜೋರಾಗಿ ಹೇಳ್ತ್ಯಾ?”

ಅವಳಿಗೆ ಕೇಳಿಸಲಿಲ್ಲ. ನೋಟನ್ನು ಸೀಟಿನ ಮೇಲಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಯಾಗಿತ್ತು.

‘ಸ್ಟ್ಯಾಂಡಿನಲ್ಲಿ ಒಂದೇ ಒಂದು ಸಲ ಹೇಳಿದ್ದರೆ ಅವನ ಗಂಟೆಂತ ಹೋಗ್ತಿತ್ತು?’ ಗೇರು ಕಿತ್ತು ಬರುವಂತೆ ಎಳೆದು ಹೊರಟ. ಹಿಂದೆ, ಬೊಮ್ಮ ಮಲಗಿದ್ದ ಜಾಗದಲ್ಲಿ, ಉದುರಿದ ಸೇವಂತಿಗೆ ಅತ್ತಿತ್ತ ಹೊರಳುತ್ತಿತ್ತು.

ಸೇತುವೆಯ ಈಚೆ ತುದಿಯಲ್ಲಿ ಒಬ್ಬಳು ಒಣಮೀನಿನ ಬುಟ್ಟಿ ಇಳಿಸಿಕೊಂಡು ನಿಂತಿದ್ದಳು. ಗಾಡಿ ಕಂಡದ್ದೇ ಕೈ ಅಡ್ಡ ಹಿಡಿದಳು.

“ಹೊನ್ನಾವರಕ್ಕಾ? ನಾನೂ ಬತ್ತೆ!”

ಕಾಲು ಬ್ರೇಕಿನ ಮೇಲೆ ಹೋಯಿತು. ಬರುವಾಗ ನರಪಿಳ್ಳೆ ಸಿಗುವುದಿಲ್ಲ ಅಂದವನು ತಾನು. ತಾನೇ. ಬೊಮ್ಮ ಅಲ್ಲ.

ಕಾಲು ತೆಗೆದು ಆಕ್ಸಿಲರೇಟರ್ ಒತ್ತಿದ.

“ಗಾಡಿ ಖಾಲಿ ಇದ್ಯಲಾ! ಕಣ್ಣು ಕಾಣೂದಿಲ್ವಾ?”

ಅವಳ ಬೈಗುಳ ಸೇತುವೆಯ ಅರ್ಧದವರೆಗೂ ಬೆನ್ನು ಹತ್ತಿ ಬಂತು. ಕನ್ನಡಿಯಲ್ಲಿ ಅವಳ ಎತ್ತಿದ ಕೈ ಸಣ್ಣದಾಗುತ್ತ ಹೋಯಿತು, ಅದರ ಮುಂದೆ ಸೇವಂತಿಗೆ ಎಸಳು ಗಾಳಿಗೆ ಗಿರಗಿರ ಸುತ್ತುತ್ತಿತ್ತು.