ಚಿಲ್ಲರೆ ಯಂತ್ರ ನಿಂತ ಮಧ್ಯಾಹ್ನ

ಆಟದ ಹಾಲಿಗೆ ಕಿಟಕಿಗಳಿರಲಿಲ್ಲ. ಹೊರಗೆ ಬಿಸಿಲೋ ಮಳೆಯೋ ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ. ಸಾಲಾಗಿ ನಿಂತ, ನಾಣ್ಯ ಹಾಕಿ ಜೂಜಾಡುವ ಪೆಟ್ಟಿಗೆಗಳು, ಅವುಗಳ ಮುಂದೆ ಕತ್ತು ಬಗ್ಗಿಸಿ ಕೂತವರ ಬೆನ್ನುಗಳು, ಮೈ ಕೊರೆಯುವ ಎ.ಸಿ. ಗಾಳಿ. ನೋಟು ಹಾಕಿದರೆ ನಾಣ್ಯ ಕೊಡುವ ಯಂತ್ರ ಮೂಲೆಯಲ್ಲಿತ್ತು. ಆ ಮಧ್ಯಾಹ್ನ ಅದು ಕೆಟ್ಟು ನಿಂತಿತ್ತು.

ಮೆಕ್ಯಾನಿಕ್ ಕರೆಂಟ್ ತೆಗೆದು, ಯಂತ್ರದ ಹೊಟ್ಟೆಯೊಳಗಿನ ಹಾಪರನ್ನು ಎಳೆದು ನೆಲದ ಮೇಲಿಟ್ಟ. ನಾಣ್ಯ ತುಂಬಿದ ತೊಟ್ಟಿ ಅದು. ಅದರ ತಳದಲ್ಲಿ ತೂತುಗಳಿರುವ ತಟ್ಟೆಯೊಂದು ತಿರುಗುತ್ತಾ ನಾಣ್ಯಗಳನ್ನು ಒಂದೊಂದಾಗಿ ಹೊರಗೆ ದೂಡುತ್ತದೆ. ಇಂಥ ಯಂತ್ರಗಳನ್ನೇ ನಂಬಿ ಬದುಕಿದ ಅವನನ್ನು ಎಲ್ಲರೂ ಚಿಲ್ಲರೆ ಮೇಸ್ತ್ರಿ ಎನ್ನುತ್ತಿದ್ದರು. "ಜೀವನವೆಲ್ಲ ಬರೀ ಚಿಲ್ಲರೆ ಕೆಲಸವೇ ಆಯ್ತು ನಿಮ್ಮದು" ಎಂದು ಹೆಂಡತಿ ಕಾಲೆಳೆಯುವಳು. ಅವನಿಗೆ ಬೇಸರವಿರಲಿಲ್ಲ. ತಾನು ಕೈಯಿಟ್ಟ ಯಂತ್ರ ಹೆಚ್ಚು ಹೊತ್ತು ಕೆಟ್ಟು ನಿಲ್ಲುವುದಿಲ್ಲ ಎಂಬ ಹೆಮ್ಮೆ ಮಾತ್ರ ಇತ್ತು.

"ಬೇಗ ಆಗಲಿ ಮೇಸ್ತ್ರಿ," ಎಂದ ಮ್ಯಾನೇಜರ್. "ಚಿಲ್ಲರೆ ಸಿಗದಿದ್ರೆ ಜನ ಎದ್ದು ನಿಲ್ತಾರೆ. ಎದ್ದು ನಿಂತವರಿಗೆ ಮನೆ ನೆನಪಾಗುತ್ತೆ."

ಮೇಸ್ತ್ರಿ ನಕ್ಕ. ನಗುವ ಮಾತೆಂದೇ ಅವನಿಗೂ ಅನಿಸಿತ್ತು.

ತೊಟ್ಟಿ ಬರಿದು ಮಾಡಿದಾಗ ಕಾರಣ ಕಂಡಿತು. ಬಾಗಿದ ನಾಣ್ಯವೊಂದು ತಟ್ಟೆಗೂ ಹೊರದಾರಿಗೂ ನಡುವೆ ಕಚ್ಚಿಕೊಂಡಿತ್ತು. ಇಕ್ಕಳ ಹಾಕಿದರೂ ಅದು ಅಲುಗಲಿಲ್ಲ. ಪಕ್ಕದಲ್ಲಿ ಹೆಂಗಸೊಬ್ಬಳು ಕೈಯಲ್ಲಿ ನೋಟು ಹಿಡಿದು ನಿಂತಿದ್ದಳು. ಸಣ್ಣ ವಯಸ್ಸು. ಮೇಲಿಂದ ಮೇಲೆ ಬಾಗಿಲ ಕಡೆ ನೋಡುತ್ತಿದ್ದಳು.

"ಇನ್ನೂ ಎಷ್ಟು ಹೊತ್ತಾಗುತ್ತೆ ಅಣ್ಣ?"

"ಆಯ್ತಮ್ಮ, ಬಿಡಿಸ್ತಾ ಇದೀನಿ. ದಿನಾ ಬರ್ತೀರಾ ಇಲ್ಲಿಗೆ?"

"ಇಲ್ಲ," ಎಂದವಳು ಸ್ವಲ್ಪ ತಡೆದು, "ಬರ್ತೀನಿ" ಎಂದಳು. "ನಮ್ಮನೆಯವರು ಕೆಲಸ ಮುಗಿಸಿ ಬರೋದು ಕತ್ತಲಾದ ಮೇಲೆ. ಅಲ್ಲೀವರೆಗೂ ಮಾತಾಡೋಕೆ ಒಂದು ನರಪಿಳ್ಳೇನೂ ಇರಲ್ಲ. ಇಲ್ಲಿ ಕೂತ್ರೆ ಏನೂ ನೆನಪಾಗಲ್ಲ. ಅಷ್ಟು ಸಾಕು ಅನ್ಸುತ್ತೆ."

ಮೇಸ್ತ್ರಿ ಕೊನೆಗೂ ನಾಣ್ಯವನ್ನು ಕಿತ್ತ. ಆದರೆ ಅದರ ಒತ್ತಡಕ್ಕೆ ಒಳಗಿನ ಸ್ಪ್ರಿಂಗ್ ಮುರಿದಿತ್ತು. ಹೊಸದನ್ನು ತರಲು ಹೊರಗೆ ನಿಲ್ಲಿಸಿದ್ದ ತನ್ನ ವ್ಯಾನಿಗೆ ಹೋದ. ಬಾಗಿಲು ತೆರೆದೊಡನೆ ಒಳಗಿನ ಕಾವು ಮುಖಕ್ಕೆ ರಾಚಿತು. ಸಾಮಾನಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದ ಬೆರಳು ಚುರ್ರೆಂದಿತು. ಬೆರಳಿಗೆ ಉಫ್ ಎಂದು ಊದುತ್ತಲೇ ಒಳಗೆ ಬಂದ.

"ಹೊರಗೆ ಬೆಂಕಿ ಸುರೀತಾ ಇದೆ," ಎಂದ ಯಾರಿಗೆಂದಿಲ್ಲದೆ.

ಹೆಂಗಸು ಅವನ ಬೆರಳುಗಳನ್ನೇ ನೋಡಿದಳು. "ಅಷ್ಟು ಬಿಸಿಲಿದೆಯಾ?" ದನಿ ಇಳಿದಿತ್ತು. "ನಾನು ಬಂದಾಗ ಕಾರಿನ ಮೇಲೆ ಗೋಡೆಯ ನೆರಳಿತ್ತು."

ಮೇಸ್ತ್ರಿಯ ಕೈ ಸ್ಪ್ರಿಂಗಿನ ಮೇಲೆ ನಿಂತಿತು. "ಕಾರಲ್ಲಿ ಏನಿದೆ ಅಮ್ಮ?"

ಅವಳು ಬಾಗಿಲ ಕಡೆ ತಿರುಗಿದಳು.

"ಯಾರಿದ್ದಾರೆ?"

"ಪಾಪು. ಮಲಗಿತ್ತು. ಐದೇ ನಿಮಿಷ ಅಂತ ಬಂದೆ..."

ಇಬ್ಬರೂ ಓಡಿದರು. ನೆರಳು ಯಾವಾಗಲೋ ಸರಿದುಹೋಗಿ ಕಾರು ಬಿಸಿಲಲ್ಲಿ ಉರಿಯುತ್ತಿತ್ತು. ಅವಳ ಕೈಯಿಂದ ಕೀಲಿ ಜಾರಿತು. ಮೇಸ್ತ್ರಿಯೇ ಅದನ್ನು ಹೆಕ್ಕಿ ಬಾಗಿಲು ತೆಗೆದ. ಮಗು ಅಳುತ್ತಿರಲಿಲ್ಲ. ಮುಖ ಕೆಂಡದಂತೆ ಕೆಂಪಾಗಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. ಎತ್ತಿಕೊಂಡಾಗ ಕೈಕಾಲು ಬಟ್ಟೆಯಂತೆ ಜೋತುಬಿದ್ದವು.

ಆಸ್ಪತ್ರೆಗೆ ವ್ಯಾನ್ ಓಡಿಸಿದವನು ಮೇಸ್ತ್ರಿ. ಅವಳು ಹಿಂದೆ ಕೂತು ದಾರಿಯುದ್ದಕ್ಕೂ ಮಗುವಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ತುಂಬಾ ಹೊತ್ತಿನ ಮೇಲೆ, ಆಸ್ಪತ್ರೆಯ ಮುಚ್ಚಿದ ಬಾಗಿಲ ಆಚೆಯಿಂದ ಮಗುವಿನ ಸಣ್ಣ ಅಳು ಕೇಳಿಸಿತು. ಆಗ ಅವಳು ಬೆಂಚಿನ ಮೇಲೆ ಕೂತಳು.

"ನಮ್ಮನೆಯವರಿಗೆ ಏನಂತ ಹೇಳಲಿ ಅಣ್ಣ?"

"ನಡೆದಿದ್ದನ್ನೇ ಹೇಳು ತಾಯಿ. ಮನೆಯಲ್ಲಿ ಒಬ್ಬಳೇ ಇರೋಕಾಗಲ್ಲ ಅನ್ನೋದನ್ನೂ ಹೇಳು. ಅದನ್ನ ಮುಚ್ಚಿಟ್ಟೇ ಇಲ್ಲೀವರೆಗೆ ಬಂತು."

ಅವಳ ಗಂಡ ಬಂದ ಮೇಲೆ ಮೇಸ್ತ್ರಿ ಸಲಕರಣೆಗಳಿಗಾಗಿ ಹಾಲಿಗೆ ಮರಳಿದ. ಯಂತ್ರ ಹಾಗೇ ಬಾಯಿ ತೆರೆದುಕೊಂಡಿತ್ತು. ಸುತ್ತ ಐದಾರು ಜನ ನೋಟು ಹಿಡಿದು ಕಾಯುತ್ತಿದ್ದರು.

"ಮಗು ಉಳೀತಲ್ಲ, ಸದ್ಯ," ಎಂದ ವಿಷಯ ಕೇಳಿದ ಮ್ಯಾನೇಜರ್. "ಆ ಸ್ಪ್ರಿಂಗ್ ಒಂದು ಹಾಕಿಬಿಡಿ."

ಮೇಸ್ತ್ರಿ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡ.

"ನನ್ನ ಮೇಲೆ ಯಾಕ್ರೀ ಸಿಟ್ಟು?" ಮ್ಯಾನೇಜರ್ ದನಿ ತಗ್ಗಿಸಿದ. "ನಾನೇನು ಯಾರನ್ನಾದ್ರೂ ಕೈ ಹಿಡಿದು ಎಳ್ಕೊಂಡು ಬಂದ್ನಾ? ಮಗೂನ ಬಿಟ್ಟು ಬಾ ಅಂದ್ನಾ? ನನಗೂ ಮಕ್ಕಳಿದ್ದಾರೆ. ಈ ಬಾಗಿಲು ಮುಚ್ಚಿದ್ರೆ ಅವರು ಊಟಕ್ಕೆ ಎಲ್ಲಿಗೆ ಹೋಗ್ಬೇಕು?"

"ಸಿಟ್ಟಲ್ಲ ಸರ್. ಆ ನಾಣ್ಯ ಕಚ್ಕೊಂಡಿದ್ದಕ್ಕೆ ಆಕೆ ನಿಂತಿದ್ಲು. ನಾನು ಎಂದಿನ ಹಾಗೆ ಬೇಗ ಮುಗಿಸಿದ್ದಿದ್ರೆ ಚಿಲ್ಲರೆ ತಗೊಂಡು ಹೋಗಿ ಕೂತ್ಕೋತಿದ್ಲು. ಇಷ್ಟು ವರ್ಷ ನಾನು ಬೇಗಬೇಗ ರಿಪೇರಿ ಮಾಡಿದ್ನಲ್ಲ, ಆಗೆಲ್ಲ ಹೊರಗೆ ಯಾರಿದ್ರೋ, ಮನೆಯಲ್ಲಿ ಯಾರು ಕಾಯ್ತಿದ್ರೋ. ನಾನು ಒಂದು ಸಲಾನೂ ನೋಡಲಿಲ್ಲ."

ಕಾಯುತ್ತಿದ್ದವರಲ್ಲಿ ಒಬ್ಬ ಮುದುಕ ನೋಟನ್ನು ಮಡಚಿ ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಮೇಸ್ತ್ರಿಯೂ ಹೊರಬಂದ. ವ್ಯಾನಿನಲ್ಲಿ ಚೀಲವಿಟ್ಟ. ಹತ್ತಿ ಕೂರಲು ಹೋದವನು ಅಲ್ಲೇ ನಿಂತ. ಹಾಲಿನ ಗೋಡೆಗುಂಟ ಕಾರುಗಳು ಸಾಲಾಗಿ ನಿಂತಿದ್ದವು. ಕೆಲವಕ್ಕೆ ಕಪ್ಪು ಗಾಜು. ಅವನು ಮೊದಲನೆಯದರ ಹತ್ತಿರ ಹೋಗಿ, ಬೆಳಕಿಗೆ ಎರಡೂ ಅಂಗೈ ಮರೆಮಾಡಿ ಕಿಟಕಿಯೊಳಗೆ ಇಣುಕಿದ. ಖಾಲಿ. ಎರಡನೆಯದೂ ಖಾಲಿ. ಮೂರನೆಯದರ ಹಿಂದಿನ ಸೀಟಿನಲ್ಲಿ ಏನೋ ಮುದುಡಿ ಬಿದ್ದಿತ್ತು. ಉಸಿರು ಬಿಗಿಹಿಡಿದು ನೋಡಿದ. ಬರೀ ಕಂಬಳಿ.

ತಲೆಯೆತ್ತಿದಾಗ ಸಾಲಿನ ಆ ತುದಿಯಲ್ಲಿ ಮ್ಯಾನೇಜರ್ ಕಂಡ. ಕೋಟಿನ ತೋಳಿನಿಂದ ಗಾಜಿನ ಧೂಳು ಒರೆಸಿ, ಬಾಗಿ, ಅವನೂ ಒಳಗೆ ನೋಡುತ್ತಿದ್ದ.